ಮುಚ್ಚಿಟ್ಟ ಕುದುರೆ: ಒಂದು ಆಪ್ತಸಲಹೆ ಪ್ರಕರಣ

ಇಲ್ಲಿ ಶಾರದಾ ಎಂದು ಕರೆದಿರುವ ಮಹಿಳೆಯ ನಿಜವಾದ ಹೆಸರು ಅದಲ್ಲ. ಉದ್ಯೋಗ, ವಯಸ್ಸು, ಹೊಲವಿರುವ ಹಳ್ಳಿ, ಕುದುರೆಯ ಹೆಸರು ಇವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಪ್ರಕರಣವನ್ನು ಬರೆಯಲು ದಂಪತಿ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಕರಡನ್ನು ಓದಿ, ಬೇಡವೆಂದ ಕಡೆ ತೆಗೆಸಿದ್ದಾರೆ.

ಶಾರದಾ ಅವರಿಗೆ 45 ವರ್ಷ. ವಿಜಯಪುರದ ಒಂದು ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಹಿರಿಯ ನೌಕರರು. ಪತಿ ಕಾಲೇಜು ಉಪನ್ಯಾಸಕರು. ಮಗಳು ದ್ವಿತೀಯ ಪಿಯುಸಿ ವಿಜ್ಞಾನ, ಮಗ ಎಂಟನೆಯ ತರಗತಿ. ಮನೆಯಲ್ಲಿ ಅತ್ತೆಯವರೂ ಇದ್ದಾರೆ. ಕೆಲವು ವಾರಗಳಿಂದ ನಿದ್ರೆಯಿಲ್ಲ, ಊಟ ಸೇರುತ್ತಿಲ್ಲ, ಎಂದೂ ತಪ್ಪದ ಕೈ ಈಗ ಸಣ್ಣ ಸಣ್ಣ ಕೂಡಿಸುವ ಲೆಕ್ಕದಲ್ಲಿ ತಪ್ಪುತ್ತಿದೆ ಎಂದು ಅವರು ಕುಟುಂಬದ ವೈದ್ಯರ ಬಳಿ ಹೋಗಿದ್ದರು. ವೈದ್ಯರು ಥೈರಾಯ್ಡ್, ಸಕ್ಕರೆ, ರಕ್ತದ ಪರೀಕ್ಷೆಗಳನ್ನೆಲ್ಲ ಮಾಡಿಸಿ, ದೇಹದಲ್ಲಿ ಕಾರಣ ಕಾಣದಿದ್ದಾಗ ನನ್ನ ಬಳಿಗೆ ಕಳಿಸಿದರು. ಗಂಡನನ್ನು ಹೊರಗೆ ಕೂರಿಸಿ ಒಬ್ಬರೇ ಒಳಗೆ ಬಂದು, ಬಹಳ ಹೊತ್ತು ಸೆರಗಿನ ಅಂಚನ್ನು ಮಡಚುತ್ತ ಕುಳಿತು, ಕೊನೆಗೆ ಹೇಳಿದ ಮೊದಲ ಮಾತು ಇದು: “ಮೇಡಂ, ನನ್ನ ಹತ್ರ ಒಂದು ಕುದರಿ ಐತ್ರಿ. ಮೂರು ವರ್ಷ ಆತು. ಮನ್ಯಾಗ ಯಾರಿಗೂ ಹೇಳಿದ್ದಿಲ್ಲ. ಈಗ ಎಲ್ಲಾರಿಗೂ ಗೊತ್ತಾತು.”

ಗೊತ್ತಾದ ಬಗೆ ಹೀಗಿದೆ. ಕುದುರೆ ಇರುವುದು ಊರಿಂದ ಸ್ವಲ್ಪ ದೂರದಲ್ಲಿರುವ ಅವರ ತಮ್ಮನ ಹೊಲದಲ್ಲಿ. ನೋಡಿಕೊಳ್ಳುವ ಹುಡುಗ ಒಂದು ಸಂಜೆ ಪ್ರೀತಿಯಿಂದಲೇ ಒಂದು ಬುಟ್ಟಿ ಮೆಕ್ಕೆಜೋಳದ ಕಾಳನ್ನು ಮುಂದಿಟ್ಟಿದ್ದಾನೆ. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಸಣ್ಣದು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಒಮ್ಮೆಲೇ ಕಾಳು ಹೆಚ್ಚಾದರೆ ಒಳಗೆ ಹುಳಿತು, ಗಾಳಿ ತುಂಬಿ, ಜೀವ ಹೋಗುವಂಥ ಹೊಟ್ಟೆಶೂಲೆ ಬರುತ್ತದೆ. ರಾತ್ರಿ ಹತ್ತು ದಾಟಿದ ಮೇಲೆ ತಮ್ಮ ಫೋನು ಮಾಡಿದ. ಮರುದಿನ ಮಗಳಿಗೆ ರಸಾಯನಶಾಸ್ತ್ರದ ಪರೀಕ್ಷೆ. ಶಾರದಾ “ತಮ್ಮಗ ಎದಿನೋವು ಬಂದೈತಿ” ಎಂದು ಹೇಳಿ ಹೊರಟರು. ಪತಿ ಗಾಬರಿಗೊಂಡು, ಯಾವ ಆಸ್ಪತ್ರೆ ಎಂದು ಕೇಳಲು ತಮ್ಮನ ಹೆಂಡತಿಗೆ ಫೋನು ಮಾಡಿದರು. ಆಕೆಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ. ಕುದುರೆ ಉಳಿಯಿತು. ಆದರೆ ಮುಂದಿನ ಎರಡು ದಿನಗಳಲ್ಲಿ ಒಂದೊಂದಾಗಿ ಎಲ್ಲವೂ ಹೊರಬಿದ್ದವು, ಕೊನೆಗೆ ಮದುವೆಯಲ್ಲಿ ಬಂದ ಬಳೆಗಳನ್ನು ಅಡವಿಟ್ಟು ತೆಗೆದ ಸಾಲವೂ ಹೊರಬಿದ್ದಿತು. ಪತಿಯ ತೀರ್ಮಾನ ಒಂದೇ ಆಗಿತ್ತು: ಕುದುರೆ ಮಾರಬೇಕು, ಈ ತಿಂಗಳೇ ಮಾರಬೇಕು.

ಕುದುರೆಯ ವಿಷಯಕ್ಕೆ ಹೋಗುವ ಮೊದಲು ಶಾರದಾ ಅವರ ಸ್ಥಿತಿಯನ್ನು ಅಳೆಯುವುದು ನನ್ನ ಕರ್ತವ್ಯವಾಗಿತ್ತು. ಖಿನ್ನತೆಯ ಲಕ್ಷಣಗಳನ್ನು ಒಂದೊಂದಾಗಿ ಕೇಳಿದೆ. ಜೀವ ಬೇಡವೆನ್ನಿಸುತ್ತದೆಯೇ ಎಂಬುದನ್ನೂ ಸುತ್ತಿಬಳಸದೆ ಕೇಳಿದೆ. ಇಲ್ಲ ಎಂದರು, ಮತ್ತು ಆ ಉತ್ತರವನ್ನು ನಂಬಲು ನನಗೆ ಕಾರಣಗಳಿದ್ದವು. ಆದರೂ ರಾತ್ರಿ ಒಬ್ಬರೇ ಎಚ್ಚರವಾಗಿ ಕುಳಿತು ಮನಸ್ಸು ಕೈಮೀರಿತು ಎನ್ನಿಸಿದರೆ ಬೆಳಗಾಗುವುದನ್ನು ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು, ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ ಎಂದು ಬರೆದುಕೊಟ್ಟೆ. ಎರಡು ವಾರಗಳಲ್ಲಿ ನಿದ್ರೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂಬ ಮಾತಾಯಿತು. ಅದರ ಅಗತ್ಯ ಬೀಳಲಿಲ್ಲ.

ಇನ್ನು ಕುದುರೆಯ ಮೂಲ. ಶಾರದಾ ಅವರ ತಂದೆ ವಿಜಯಪುರದಲ್ಲಿ ಟಾಂಗಾ ಹೊಡೆಯುತ್ತಿದ್ದರು. ರೈಲಿನಿಂದ ಇಳಿದ ಪ್ರವಾಸಿಗರನ್ನು ಹತ್ತಿಸಿಕೊಂಡು ಗೋಳಗುಮ್ಮಟ, ಬಾರಾ ಕಮಾನ್, ಮಲಿಕ್-ಎ-ಮೈದಾನ ತೋಪು, ಇಬ್ರಾಹಿಂ ರೋಜಾ ತೋರಿಸಿ ಸಂಜೆಗೆ ತಿರುಗಿ ತಂದು ಬಿಡುವುದು ಅವರ ದಿನದ ಕೆಲಸ. ಓದು ಬರಹ ಹೆಚ್ಚಿಲ್ಲದಿದ್ದರೂ ಆದಿಲಶಾಹಿಯ ಕಥೆಗಳನ್ನೆಲ್ಲ ಬಲ್ಲವರಾಗಿದ್ದರು. ಬಾಲಕ ಇಬ್ರಾಹಿಂ ಆದಿಲಶಹಾನ ಪರವಾಗಿ ರಾಜ್ಯ ನೋಡಿಕೊಂಡ ಚಾಂದಬೀಬಿ ಕುದುರೆ ಏರಿ ಬೇಟೆಗೆ ಹೋಗುತ್ತಿದ್ದಳೆಂದು ಹೇಳುವಾಗ ಹಿಂದಿನ ಸೀಟಿನಲ್ಲಿ ಕುಳಿತ ಮಗಳ ಕಡೆ ತಿರುಗಿ ನೋಡುತ್ತಿದ್ದರಂತೆ. ಎಂಟು ವರ್ಷದ ಹುಡುಗಿ ಟಾಂಗಾದ ಗಿಡ್ಡ ಕುದುರೆಯ, ಅಂದರೆ ತಟ್ಟುವಿನ, ಜೀನಿಲ್ಲದ ಬೆನ್ನ ಮೇಲೆ ಕುಳಿತು ಅದನ್ನು ನೀರಿಗೆ ಒಯ್ಯುತ್ತಿದ್ದಳು. ಲಾಳ ಬಡಿಯುವ ನಾಲಬಂದ ಚಾಚಾ ಗೊರಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆತ್ತುವಾಗ ಮೊಳೆಗಳ ಡಬ್ಬಿ ಹಿಡಿದು ನಿಲ್ಲುವ ಕೆಲಸವೂ ಅವಳದೇ ಆಗಿತ್ತು.

ಒಂದು ವರ್ಷ ತಂದೆ ಮಗಳನ್ನು ಬೆಳಗಾವಿ ಜಿಲ್ಲೆಯ ಅಂಕಲಿಗೆ ಕರೆದುಕೊಂಡು ಹೋಗಿದ್ದರು. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರ ಮಹಾರಾಜರ ಪಾಲಖಿಯ ಮುಂದೆ ನಡೆಯುವ ಕುದುರೆಗಳು ಅಂಕಲಿಯ ಶಿತೋಳೆ ಸರ್ದಾರರ ವಾಡೆಯಿಂದಲೇ ಪ್ರತಿ ವರ್ಷ ಆಳಂದಿಗೆ ಹೊರಡುತ್ತವೆ. ಎರಡು ಕುದುರೆಗಳಲ್ಲಿ ಒಂದರ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದು ಮಾವುಲಿಯ, ಅಂದರೆ ಜ್ಞಾನೇಶ್ವರರ ಕುದುರೆ, ಅದರ ಮೇಲೆ ಮನುಷ್ಯರು ಯಾರೂ ಕೂಡುವುದಿಲ್ಲ. “ಖಾಲಿ ಬೆನ್ನಿನ ಕುದರೀಗೆ ಜನ ಹಂಗ ಕೈ ಮುಗೀತಿದ್ರು ಮೇಡಂ, ಅವತ್ತ ನನಗ ಅನಿಸ್ತು, ಕುದರಿ ಅಂದ್ರ ಬರೇ ಹತ್ತೋದಕ್ಕ ಇರೂದಲ್ಲ” ಎಂದರು ಶಾರದಾ. ಮುಂದೆ ಬಹಳ ಕೆಲಸಕ್ಕೆ ಬಂದ ಮಾತು ಇದು.

ಆಟೋಗಳು ಹೆಚ್ಚಾದಂತೆ ಟಾಂಗಾದ ಗಳಿಕೆ ಕುಗ್ಗಿತು. ಶಾರದಾ ಬಿ.ಕಾಂ. ಸೇರುವ ವರ್ಷ ತಂದೆ ಟಾಂಗಾ ಮತ್ತು ಕುದುರೆ ಎರಡನ್ನೂ ಮಾರಿ ಶುಲ್ಕ ಕಟ್ಟಿದರು. ನೌಕರಿ ಸಿಕ್ಕ ಮೇಲೆ ಮೊದಲು ಅಪ್ಪನಿಗೊಂದು ಕುದುರೆ ತಂದುಕೊಡುತ್ತೇನೆ ಎಂದು ಮಗಳು ಮಾತು ಕೊಟ್ಟಿದ್ದಳು. ನೌಕರಿ ಬಂತು, ಮದುವೆ ಆಯಿತು, ಮಕ್ಕಳಾದರು, ಮನೆಸಾಲ ಬಂತು. ಮದುವೆಯ ಹೊಸದರಲ್ಲಿ ಒಮ್ಮೆ ಗಂಡನ ಮುಂದೆ ಈ ಆಸೆ ಹೇಳಿದಾಗ, ಊಟಕ್ಕೆ ಕುಳಿತ ಮನೆಮಂದಿಯೆಲ್ಲ ನಕ್ಕರು. ಕೆಟ್ಟ ಉದ್ದೇಶದಿಂದ ನಕ್ಕದ್ದಲ್ಲ, ಆದರೆ ಆಮೇಲೆ ಆ ಮಾತನ್ನು ಶಾರದಾ ಆ ಮನೆಯಲ್ಲಿ ಮತ್ತೆ ಎತ್ತಲಿಲ್ಲ. ತಂದೆ ತೀರಿಕೊಂಡರು. ಎರಡು ವರ್ಷದ ನಂತರ ದೀಪಾವಳಿಯ ಹೊತ್ತಿನಲ್ಲಿ ಸೊಲ್ಲಾಪುರ ಜಿಲ್ಲೆಯ ಅಕಲೂಜದ ಕುದುರೆ ಬಾಜಾರಿಗೆ ತಮ್ಮನನ್ನು ಕರೆದುಕೊಂಡು ಹೋಗಿ, ಬಾಯಿ ತೆರೆಸಿ ಹಲ್ಲು ನೋಡಿ ಐದು ವರ್ಷದ್ದೆಂದು ಖಚಿತಪಡಿಸಿಕೊಂಡು, ಒಂದು ಹೆಣ್ಣು ಕುದುರೆಯನ್ನು ಕೊಂಡು ತಂದರು. ಮಾರ್ವಾಡಿ ತಳಿಯಂತೆ ಕಿವಿ ಒಳಮುಖವಾಗಿ ಬಾಗಿದ ದೊಡ್ಡ ಕುದುರೆಯಲ್ಲ. ಭೀಮಾ ತೀರದಲ್ಲಿ ಹಿಂದಿನಿಂದ ಬಂದ ಭೀಮಥಡಿ ತಳಿಯ ಲಕ್ಷಣದ, ಗಿಡ್ಡ, ಗಟ್ಟಿ ಗೊರಸಿನ ದೇಸಿ ತಟ್ಟು. ಅಪ್ಪನ ಟಾಂಗಾಕ್ಕೆ ಕಟ್ಟುತ್ತಿದ್ದಂಥದು. ಚಾಂದನಿ ಎಂದು ಹೆಸರಿಟ್ಟರು.

ಪತಿಯನ್ನು ನಾನು ಪ್ರತ್ಯೇಕವಾಗಿ ಕಂಡೆ. ಅವರನ್ನು ಕಲ್ಲುಮನಸ್ಸಿನವರೆಂದು ಭಾವಿಸಿ ಓದುವವರಿದ್ದರೆ ದಯವಿಟ್ಟು ನಿಲ್ಲಬೇಕು. ಅವರು ಒಣಬೇಸಾಯದ ಮನೆಯವರು. ಅವರ ತಂದೆ ಮನೆಯಲ್ಲಿ ಹೇಳದೆ ಮಾಡಿದ ಕೈಗಡಗಳ ಲೆಕ್ಕ ತಂದೆಯ ಮರಣದ ನಂತರ ಬಾಗಿಲಿಗೆ ಬಂದು, ಇದ್ದ ಎಂಟು ಎಕರೆಯಲ್ಲಿ ಐದು ಎಕರೆ ಹೋಯಿತು. ಆಗ ಇವರಿಗೆ ಹದಿನೇಳು ವರ್ಷ. “ಕುದರಿ ಮ್ಯಾಲ ನನಗ ಸಿಟ್ಟಿಲ್ಲ. ಬಳಿ ಒತ್ತಿ ಇಟ್ಟಾಳ, ನನಗ ಗೊತ್ತಿಲ್ಲ ಅಂದ್ರ, ನಮ್ಮಪ್ಪನ ಕಾಲ ಮತ್ತ ಬಂತು ಅನಿಸ್ತು” ಎಂದು ಹೇಳುವಾಗ ಅವರ ದನಿ ಒಡೆದಿತ್ತು. ಸಾಲದ ಮೊತ್ತ ದೊಡ್ಡದಲ್ಲ. ಇಬ್ಬರ ಸಂಬಳದಲ್ಲಿ ಒಂದು ವರ್ಷದೊಳಗೆ ತೀರುವಂಥದು. ಆದರೆ ಅವರಿಗೆ ಅದು ಮೊತ್ತದ ವಿಷಯವೇ ಆಗಿರಲಿಲ್ಲ.

ಹೀಗೆ ನನ್ನೆದುರಿಗೆ ಇದ್ದದ್ದು ಕುದುರೆ ಬೇಕೋ ಬೇಡವೋ ಎಂಬ ವಾದಕ್ಕಿಂತ ಆಳವಾದ ಎರಡು ನೋವುಗಳು. ಕೊಟ್ಟ ಮಾತನ್ನು ತಂದೆ ಬದುಕಿರುವಾಗ ನಡೆಸಲಾಗಲಿಲ್ಲ ಎಂಬ ಹೆಂಡತಿಯ ದುಃಖ ಒಂದು; ಗುಟ್ಟಾದ ಸಾಲದ ಬಗೆಗೆ ಗಂಡನಿಗಿದ್ದ ಹಳೆಯ ಭಯ ಇನ್ನೊಂದು. ಇಬ್ಬರಿಗೂ ಇನ್ನೊಬ್ಬರ ಕಥೆ ತುಣುಕು ತುಣುಕಾಗಿ ಗೊತ್ತಿತ್ತು, ಪೂರ್ತಿ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಕೂಡಿ ಬಾಳಿದ ದಂಪತಿಯಲ್ಲಿ ಇದು ನಾನು ಕಾಣುವ ಅಪರೂಪದ ಸಂಗತಿಯೇನಲ್ಲ. ಜಂಟಿಯಾಗಿ ಕುಳಿತ ಮೊದಲ ಭೇಟಿಯಲ್ಲಿ ಪರಿಹಾರದ ಮಾತು ಬೇಡವೆಂದೆ. ಒಬ್ಬರು ಹೇಳಬೇಕು, ಇನ್ನೊಬ್ಬರು ನಡುವೆ ಬಾಯಿ ಹಾಕದೆ ಕೇಳಬೇಕು, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಬಿ.ಕಾಂ. ಶುಲ್ಕ ಕಟ್ಟಿದ ದಿನ ಖಾಲಿ ಲಾಯವನ್ನು ಗುಡಿಸಿ ಬಂದ ಅಪ್ಪನ ಬಗ್ಗೆ ಹೆಂಡತಿ ಹೇಳಿದ್ದನ್ನು ಪತಿ ತಿರುಗಿ ಹೇಳಲು ಹೋಗಿ ಅರ್ಧಕ್ಕೇ ನಿಂತರು.

ಇಂಥ ಸಂದರ್ಭದಲ್ಲಿ ನೆಂಟರಿಷ್ಟರು ಕೊಡುವ ಸಲಹೆ ಸಾಮಾನ್ಯವಾಗಿ ಎರಡು ಬಗೆಯದು. ಮಕ್ಕಳು ದೊಡ್ಡವರಾಗುವ ತನಕ ಇದನ್ನೆಲ್ಲ ಬದಿಗಿಡು ಎನ್ನುವುದು ಒಂದು; ನಿನ್ನ ಆಸೆಯನ್ನು ಯಾರ ಸಲುವಾಗಿಯೂ ಬಿಡಬೇಡ ಎನ್ನುವುದು ಇನ್ನೊಂದು. ಎರಡರಲ್ಲೂ ಕುದುರೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ ಎಂಬುದು ನನ್ನ ಅಭಿಪ್ರಾಯ. ವೀಣೆಯನ್ನಾದರೆ ಹತ್ತು ವರ್ಷ ಗವಸಿನಲ್ಲಿ ಮುಚ್ಚಿಡಬಹುದು. ಕುದುರೆಗೆ ನಾಳೆ ಬೆಳಿಗ್ಗೆ ನೀರು ಬೇಕು. ಹಾಗಾಗಿ ನಾನು ದಂಪತಿಗೆ ಕೊಟ್ಟ ಮೊದಲ ಕೆಲಸ, ತಮ್ಮ ಭಾವನೆಗಳನ್ನು ಸ್ವಲ್ಪ ಬದಿಗಿಟ್ಟು, ಚಾಂದನಿಯ ಒಂದು ದಿನವನ್ನು, ಒಂದು ತಿಂಗಳನ್ನು ಮತ್ತು ಇಡೀ ಆಯುಷ್ಯವನ್ನು ಕಾಗದದ ಮೇಲೆ ಬರೆದು ತರುವುದು. ಅದು ಆಗುವ ತನಕ, ಅಂದರೆ ಕನಿಷ್ಠ ಮೂರು ತಿಂಗಳು, ಮಾರುವ ಇಲ್ಲವೇ ಉಳಿಸಿಕೊಳ್ಳುವ ತೀರ್ಮಾನ ಇಬ್ಬರೂ ಮಾಡಬಾರದೆಂದು ಒಪ್ಪಿಸಿದೆ.

ಶಾರದಾ ಲೆಕ್ಕದವರು, ಬರೆದು ತಂದ ಹಾಳೆಗಳು ಅಚ್ಚುಕಟ್ಟಾಗಿದ್ದವು. ಸುಮಾರು 300 ಕಿಲೋ ತೂಗುವ ತಟ್ಟುವಿಗೆ ದಿನಕ್ಕೆ ಆರು ಕಿಲೋದಷ್ಟು ಒಣ ಆಹಾರ ಬೇಕು. ಅದರಲ್ಲಿ ಹೆಚ್ಚಿನ ಭಾಗ ಒಣಹುಲ್ಲು ಮತ್ತು ಕಣಕಿ, ಮೇಲೆ ಒಂದಿಷ್ಟು ಕುದುರೆ ಮೆಂತ್ಯದ ಹಸಿರು ಮೇವು, ಗೋದಿ ಬೂಸಾ, ನೆನೆಸಿದ ಕಡಲೆ. ನೀರು 20ರಿಂದ 30 ಲೀಟರ್, ವಿಜಯಪುರದ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಆರರಿಂದ ಎಂಟು ವಾರಕ್ಕೊಮ್ಮೆ ನಾಲಬಂದನನ್ನು ಕರೆಸಿ ಬೆಳೆದ ಗೊರಸನ್ನು ಕತ್ತರಿಸಿ ಲಾಳ ಬಡಿಸಬೇಕು. ಧನುರ್ವಾಯುವಿನ ಲಸಿಕೆ, ಜಂತುಹುಳದ ಔಷಧ, ಮಳೆಗಾಲದಲ್ಲಿ ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗದ ಮೇಲೆ ಕಣ್ಣು. ನೋಡಿಕೊಳ್ಳುವ ಹುಡುಗನ ಪಗಾರ ಸೇರಿ ತಿಂಗಳಿಗೆ ಸುಮಾರು 12 ಸಾವಿರ ರೂಪಾಯಿ. ಪತಿಯ ಊಹೆ ಇದರ ಎರಡರಷ್ಟಿತ್ತು. ಗುಟ್ಟು ಯಾವಾಗಲೂ ಮೊತ್ತವನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಆಯುಷ್ಯದ ಹಾಳೆಯ ಮುಂದೆ ಇಬ್ಬರೂ ಸುಮ್ಮನಾದರು. ಚೆನ್ನಾಗಿ ನೋಡಿಕೊಂಡ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಚಾಂದನಿಗೆ ಈಗ ಎಂಟು. ಶಾರದಾ 60ಕ್ಕೆ ನಿವೃತ್ತರಾಗುವ ದಿನ ಅದಕ್ಕೆ 23 ಆಗಿರುತ್ತದೆ, ಹಲ್ಲು ಸವೆದು ಮೇವನ್ನು ನೆನೆಸಿ ಕೊಡಬೇಕಾದ ಮುದಿ ಕುದುರೆಯಾಗಿರುತ್ತದೆ. ಮಗಳ ಪದವಿ, ಮಗನ ಓದು, ಇಬ್ಬರ ಮದುವೆ, ಅತ್ತೆಯವರ ಕೊನೆಗಾಲ, ಪತಿಯ ನಿವೃತ್ತಿ ಎಲ್ಲವೂ ಆ ಹದಿನೈದು ವರ್ಷಗಳೊಳಗೇ ಬರುತ್ತವೆ. ನಾನು ಶಾರದಾ ಅವರನ್ನು ಕೇಳಿದ್ದು ಇಷ್ಟೇ: ಹದಿನೆಂಟು ವಯಸ್ಸಿನ ಹುಡುಗಿಯ ಮಾತನ್ನು ನಡೆಸಲು ಕುದುರೆ ತಂದಿರಿ, ಸರಿ, ಅಪ್ಪನ ಸಲುವಾಗಿ ತಂದ ಈ ಜೀವವನ್ನು ಅದರ ಸಲುವಾಗಿಯೇ ಇನ್ನು ಹದಿನೈದು ಇಪ್ಪತ್ತು ವರ್ಷ ಸಾಕುವಿರಾ? ಉತ್ತರವನ್ನು ಅಲ್ಲಿಯೇ ಹೇಳಬೇಡಿ ಎಂದೆ. ಎರಡು ವಾರ ತೆಗೆದುಕೊಂಡರು. ತಂದೆಗೊಂದು ಪತ್ರ ಬರೆಯಲು ಹೇಳಿದ್ದೆ. ಅದರಲ್ಲಿ ಏನು ಬರೆದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಮುಂದಿನ ಭೇಟಿಯಲ್ಲಿ “ಸಾಕ್ತೀನಿ ಮೇಡಂ, ಆದರ ಕದ್ದು ಅಲ್ಲ” ಎಂದರು.

ಪತಿಗೆ ಕೊಟ್ಟ ಕೆಲಸ ಬೇರೆ. ಅವರು ಕುದುರೆಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡದ ಪ್ರಾಣಿಯನ್ನು ಮಾರಿ ಎನ್ನುವುದು ಸುಲಭ, ಹಾಗೆಯೇ ನೋಡಿದ ತಕ್ಷಣ ಪ್ರೀತಿ ಉಕ್ಕಬೇಕೆಂಬ ಒತ್ತಾಯವೂ ಸಲ್ಲದು. ಒಂದು ಭಾನುವಾರ ಬೆಳಿಗ್ಗೆ ಹೋಗಿ ಒಂದು ತಾಸು ಸುಮ್ಮನೆ ನಿಂತು ನೋಡಿ ಬನ್ನಿ ಎಂದು ಕೇಳಿಕೊಂಡೆ. ಕುದುರೆಗೆ ತನ್ನ ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಕಾಣುವುದಿಲ್ಲ. ಆದ್ದರಿಂದ ಹೆಗಲಿನ ಕಡೆಯಿಂದ, ಮಾತಾಡುತ್ತ ಹತ್ತಿರ ಹೋಗಬೇಕೆಂದು ಶಾರದಾ ಮೊದಲೇ ತಿಳಿಸಿದ್ದರು. ಅಲ್ಲಿ ಕಂಡದ್ದನ್ನು ಪತಿ ಬಹಳ ವಿವರವಾಗಿ ಹೇಳಿದರು. ಹೆಂಡತಿ ಮುಂಗಾಲಿನ ಮೇಲೆ ಕೈ ಸವರಿ “ಕಾಲ್” ಎಂದದ್ದಕ್ಕೆ ಕುದುರೆ ತಾನೇ ಕಾಲೆತ್ತಿ ಕೊಟ್ಟಿತಂತೆ. ಗೊರಸಿನ ಅಡಿಯಲ್ಲಿ ಮೆತ್ತಿದ ಮಣ್ಣು, ಸೆಗಣಿ, ಒಂದು ಸಣ್ಣ ಹರಳು ಇವನ್ನು ಕೊಕ್ಕೆಯಿಂದ ಕೆರೆದು ತೆಗೆದು, ನಡುವಿನ ತ್ರಿಕೋನದ ಮೆತ್ತನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ, ವಾಸನೆ ನೋಡಿ, ಕೊಳೆತಿಲ್ಲವೆಂದು ಖಾತ್ರಿ ಮಾಡಿಕೊಂಡು ಮುಂದಿನ ಕಾಲಿಗೆ ಹೋದರಂತೆ. “ನಾಲ್ಕೂ ಕಾಲು ಮುಗಿಯೂತನಕ ಆಕಿ ನನ್ನ ಕಡೆ ನೋಡ್ಲೇ ಇಲ್ರಿ. ಇಷ್ಟು ವರ್ಷದಾಗ ಆಕಿ ಮಾರಿ ಅಷ್ಟು ಶಾಂತ ಇದ್ದದ್ದು ನಾ ನೋಡಿದ್ದಿಲ್ಲ” ಎಂದರು. ಕುದುರೆಯ ಬಗ್ಗೆ ಅವರ ಅಭಿಪ್ರಾಯ ಬದಲಾಯಿತೆಂದು ಹೇಳಲಾರೆ. ಕುದುರೆ ಮಾರಬೇಕೆಂಬ ಮಾತನ್ನು ಆ ದಿನದ ನಂತರ ಅವರು ಎತ್ತಲಿಲ್ಲ.

ಮಗಳ ವಿಷಯ ಇದೆಲ್ಲಕ್ಕಿಂತ ಸೂಕ್ಷ್ಮವಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಅವ್ವ ಸುಳ್ಳು ಹೇಳಿ ಮನೆಬಿಟ್ಟು ಹೋದಳು ಎಂಬುದು ಆ ಹುಡುಗಿಗೆ ಉಳಿದ ಸತ್ಯ, ಮತ್ತು ಅದು ನಿಜವಾಗಿ ನಡೆದದ್ದೇ. ಕುದುರೆಯ ಜೀವ, ಅಜ್ಜನ ನೆನಪು, ಕೊಟ್ಟ ಮಾತು ಇವೆಲ್ಲವನ್ನೂ ಹೇಳಿ ಮಗಳನ್ನು ಒಪ್ಪಿಸಲು ಶಾರದಾ ಸಿದ್ಧರಾಗಿದ್ದರು. ಹಾಗೆ ಮಾಡಬೇಡಿ ಎಂದೆ. ಕಾರಣಗಳ ಜೊತೆ ಬಂದ ಕ್ಷಮೆ ಮಕ್ಕಳ ಕಿವಿಗೆ ವಾದದಂತೆ ಕೇಳುತ್ತದೆ. “ಆ ರಾತ್ರಿ ನಿನ್ನ ಜೊತಿ ಇರಬೇಕಿತ್ತು, ಇರಲಿಲ್ಲ, ಸುಳ್ಳು ಹೇಳಿದೆ, ಅದು ತಪ್ಪು” ಎಂಬಷ್ಟನ್ನೇ ಹೇಳಿ, ಅವಳು ಸಿಟ್ಟಾದರೆ ಸಿಟ್ಟಾಗಲು ಬಿಟ್ಟು, ಉತ್ತರ ಕೊಡದೆ ಕುಳಿತಿರಿ ಎಂದೆ. ಹುಡುಗಿ ಅತ್ತಳಂತೆ, ಬೈದಳಂತೆ, ಬಾಗಿಲು ಹಾಕಿಕೊಂಡಳಂತೆ. ಕುದುರೆಯ ಚಿತ್ರ ತೋರಿಸು ಎಂದು ತಾನೇ ಕೇಳಲು ಅವಳಿಗೆ ಒಂದು ತಿಂಗಳು ಬೇಕಾಯಿತು. ಮಗನಿಗೆ ಇದಾವುದೂ ಸಮಸ್ಯೆಯೇ ಆಗಿರಲಿಲ್ಲ. ಮನೆಯಲ್ಲಿ ಕುದುರೆ ಇದೆ ಎಂಬುದನ್ನು ಗೆಳೆಯರಿಗೆ ಹೇಳಬಹುದೇ ಎಂಬುದಷ್ಟೇ ಅವನ ಪ್ರಶ್ನೆ.

ಅತ್ತೆಯವರ ವಿರೋಧ ಕರಗಲಿಲ್ಲ. ಸೊಸೆ ಕುದುರೆ ಏರಿ ಹೊಲದಲ್ಲಿ ಓಡಾಡಿದರೆ ಊರವರು ಏನೆಂದಾರು ಎಂಬುದು ಅವರ ಚಿಂತೆ. ಇಲ್ಲಿ ಅಂಕಲಿಯ ನೆನಪು ಉಪಯೋಗಕ್ಕೆ ಬಂತು. ಶಾರದಾ ಅವರಿಗೆ ಮಂಡಿನೋವು ಶುರುವಾಗಿ ಸವಾರಿ ಮೊದಲೇ ಕಡಿಮೆಯಾಗಿತ್ತು. ಅವರಿಗೆ ಬೇಕಾಗಿದ್ದದ್ದು ಕುದುರೆಯ ಮೈ ಉಜ್ಜುವುದು, ಹಗ್ಗ ಹಿಡಿದು ಬದುವಿನ ಗುಂಟ ಜೊತೆಗೆ ನಡೆಯುವುದು. ಏರುವುದನ್ನು ಬಿಡಿ ಎಂದು ನಾನು ಹೇಳಲಿಲ್ಲ, ಅದು ಅವರ ಹಕ್ಕು. ಏರುವುದಾದರೆ ಹೆಲ್ಮೆಟ್ ಹಾಕಿ, ಹೊಲದಲ್ಲಿ ಇನ್ನೊಬ್ಬರು ಇರುವಾಗ ಮಾತ್ರ ಏರಿ, ಧನುರ್ವಾಯುವಿನ ಚುಚ್ಚುಮದ್ದು ನೀವೂ ಹಾಕಿಸಿಕೊಳ್ಳಿ ಎಂದೆ. ಅತ್ತೆಯವರ ಅಭಿಪ್ರಾಯ ಬದಲಿಸುವ ಹೊಣೆಯನ್ನು ಮಾತ್ರ ಮಗ ಹೊರಬೇಕು, ಸೊಸೆಯಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಪತಿ ತಾಯಿಗೆ “ಅವ್ವಾ, ಇದು ನಾವಿಬ್ಬರೂ ಕೂಡಿ ಮಾಡಿದ ಠರಾವು” ಎಂದು ಹೇಳಿದ್ದಾರೆ. ಅತ್ತೆಯವರು ಇನ್ನೂ ಗೊಣಗುತ್ತಾರೆ, ಮನೆ ನಡೆಯುತ್ತಿದೆ.

ಹಣದ ವಿಷಯದಲ್ಲಿ ನಾನು ಬಿಗಿಯಾಗಿದ್ದೆ. ಮುಚ್ಚಿಟ್ಟ ಎಲ್ಲ ಲೆಕ್ಕವನ್ನೂ ಒಂದೇ ಸಲ, ಒಂದೇ ಕೂತಾಗ ಬಿಚ್ಚಿಡಬೇಕು. ಇನ್ನೊಂದು ತಿಂಗಳ ನಂತರ ಇನ್ನೊಂದು ಸಣ್ಣ ಸಾಲ ಹೊರಬಂದರೆ ಇಷ್ಟು ದಿನದ ಕೆಲಸ ಮಣ್ಣುಪಾಲಾಗುತ್ತದೆ ಎಂದೆ. ಮೊದಲು ಬಳೆ ಬಿಡಿಸಬೇಕು, ಅದು ಮುಗಿಯುವ ತನಕ ಕುದುರೆಗೆ ಹೊಸ ಜೀನು, ಹೊಸ ಲಾಯ ಯಾವುದೂ ಇಲ್ಲ. ಆಮೇಲೆ ಶಾರದಾ ಅವರ ಸಂಬಳದಿಂದ ಪ್ರತ್ಯೇಕ ಖಾತೆಗೆ ತಿಂಗಳಿಗೆ ಇಬ್ಬರೂ ಒಪ್ಪಿದ ಮೊತ್ತ ಹೋಗಬೇಕು, ಅದರಲ್ಲಿ ಒಂದು ಭಾಗ ಚಿಕಿತ್ಸೆಗೆಂದು ಕೂಡಿಡಬೇಕು, ಖಾತೆಯ ವಿವರ ಗಂಡನ ಫೋನಿಗೂ ಬರಬೇಕು. ಮರಿ ಹಾಕಿಸುವ ಆಸೆ ಶಾರದಾ ಅವರಿಗಿತ್ತು. ಹನ್ನೊಂದು ತಿಂಗಳ ಗರ್ಭ, ಆಮೇಲೆ ಇನ್ನೊಂದು ಕುದುರೆಯ ಇಪ್ಪತ್ತೈದು ವರ್ಷ. ಇದನ್ನು ಬಿಡಲೇಬೇಕು ಎಂದೆ, ಕಷ್ಟದಿಂದ ಒಪ್ಪಿದರು. ತಮ್ಮನಿಗೆ ಚಾಂದನಿಯನ್ನು ಎತ್ತಿನ ಜೊತೆ ಗಾಡಿಗೆ ಹೂಡಿ ಜಾತ್ರೆಯ ಓಟಕ್ಕೆ ಬಿಟ್ಟು ಖರ್ಚು ಹುಟ್ಟಿಸುವ ಯೋಚನೆಯಿತ್ತು. ಎತ್ತಿನ ನಡಿಗೆಯೇ ಬೇರೆ, ಕುದುರೆಯ ಓಟವೇ ಬೇರೆ, ಒಂದೇ ನೊಗದಲ್ಲಿ ಎರಡಕ್ಕೂ ಹಿಂಸೆ ಎಂದು ಅಕ್ಕ ಮೊದಲೇ ನಿರಾಕರಿಸಿದ್ದರು. ಪತಿಯೂ ಈ ಒಂದು ವಿಷಯದಲ್ಲಿ ಹೆಂಡತಿಯ ಪರ ನಿಂತರು.

ಸಮಯಕ್ಕೂ ಅಳತೆ ಬೇಕಿತ್ತು. ಭಾನುವಾರ ಬೆಳಿಗ್ಗೆ ಮತ್ತು ವಾರದ ನಡುವೆ ಒಂದು ಮುಂಜಾನೆ ಹೊಲಕ್ಕೆ; ಉಳಿದ ದಿನ ಹುಡುಗನ ವಿಡಿಯೋ ಕರೆ. ಯಾವುದನ್ನು ಎಷ್ಟು ಕೊಡಬೇಕೆಂದು ಹೊಲದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ, ಮೆಕ್ಕೆಜೋಳದ ಚೀಲ ಬೀಗದೊಳಗಿದೆ. ಕುದುರೆ ಮೇವು ಬಿಟ್ಟು ಹೊಟ್ಟೆಯ ಕಡೆ ತಿರುತಿರುಗಿ ನೋಡುವುದು, ಕಾಲಿನಿಂದ ನೆಲ ಕೆರೆಯುವುದು, ಮಲಗಿ ಹೊರಳುವುದು ಕಂಡರೆ ಹುಡುಗ ಮೊದಲು ಪಶುವೈದ್ಯರಿಗೆ ಇಲ್ಲವೇ ಸಂಚಾರಿ ಪಶುಚಿಕಿತ್ಸೆಯ 1962ಕ್ಕೆ ಫೋನು ಮಾಡಬೇಕು, ಅಕ್ಕನಿಗೆ ಆಮೇಲೆ. ಮಕ್ಕಳ ಪರೀಕ್ಷೆಯ ದಿನಗಳಲ್ಲಿ ರಾತ್ರಿ ಕರೆ ಬಂದರೆ ಹೋಗುವವರು ತಮ್ಮ ಮತ್ತು ಪತಿ. ಇದನ್ನು ಪತಿಯೇ ಸೂಚಿಸಿದರು, ನಾನು ಕೇಳಿರಲಿಲ್ಲ.

ಕೊನೆಗೆ ಉಳಿದದ್ದು ವರ್ಗಾವಣೆ. ಶಾರದಾ ಅವರ ಬಡ್ತಿ ಹತ್ತಿರವಿದೆ, ಬಡ್ತಿಯೆಂದರೆ ಬಾಗಲಕೋಟೆಗೋ ಬೆಳಗಾವಿಗೋ ಹೋಗಬೇಕಾಗಬಹುದು. ಕುದುರೆಯ ಸಲುವಾಗಿ ಬಡ್ತಿ ಬಿಡುವ ಮಾತನ್ನು ಅವರು ಆಡಿದಾಗ ನಾನು ಒಪ್ಪಲಿಲ್ಲ: ಅಪ್ಪ ಕುದುರೆ ಮಾರಿದ್ದು ಯಾವ ಓದಿಗಾಗಿ ಎಂಬುದನ್ನು ನೆನೆಯಿರಿ ಎಂದೆ. ವರ್ಗವಾದರೆ ಚಾಂದನಿ ತಮ್ಮನ ಹೊಲದಲ್ಲೇ ಇರುತ್ತದೆ, ಪತಿ ತಿಂಗಳಿಗೆ ಎರಡು ಸಲ ಹೋಗಿ ಲೆಕ್ಕ ಮತ್ತು ಕುದುರೆ ಎರಡನ್ನೂ ನೋಡಿ ಬರುತ್ತಾರೆ. ತಮ್ಮನಿಂದ ಆಗದೆ ಹೋದರೆ, ಮತ್ತು ಆಗ ಮಾತ್ರ, ಕುದುರೆಯನ್ನು ಬೇರೆಯವರಿಗೆ ಕೊಡುವುದು. ಮೆರವಣಿಗೆಗೆ ಬಾಡಿಗೆ ಕೊಡುವವರಿಗೆ ಅಲ್ಲ, ಇಬ್ಬರೂ ಹೋಗಿ ನೋಡಿ ಒಪ್ಪಿದ ಮನೆಗೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದಾರೆ. ಬಳೆಗಳನ್ನು ಬಿಡಿಸಿಕೊಂಡಿದ್ದಾರೆ, ನಿದ್ರೆ ಸರಿಯಾಗಿದೆ. ಆರು ತಿಂಗಳಿಗೊಮ್ಮೆ ಆ ಹಾಳೆಯನ್ನು ತಂದು ನನ್ನೆದುರು ಓದಿ, ಬದಲಿಸಬೇಕಾದ್ದನ್ನು ಬದಲಿಸಬೇಕೆಂಬ ಒಪ್ಪಂದವಿದೆ. ಮುಂದಿನ ಭೇಟಿ ಮಗಳ ಕಾಲೇಜು ಪ್ರವೇಶ ಮುಗಿದ ಮೇಲೆ.